ಗದ್ವಾಲಿನ ಪೀಪಿಗೆ ಮಕ್ತಲಿನ ಡೊಳ್ಳು

ಫುಟ್‌ಬಾಲ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಗದ್ದಲ. ಆಟ ಅಷ್ಟಾಗಿ ಅರ್ಥವಾಗುವುದಿಲ್ಲ. ಆಫ್‌ಸೈಡ್ ಎಂದರೇನು ಎಂಬುದನ್ನು ನನ್ನ ಹೆಂಡತಿಯ ತಮ್ಮ ಬೀರೇಶ ಊಟದ ತಟ್ಟೆಯಲ್ಲಿ ಈರುಳ್ಳಿ, ಮೆಣಸಿನಕಾಯಿ ಸಾಲಾಗಿ ಜೋಡಿಸಿ ಎಷ್ಟೋ ಸಲ ವಿವರಿಸಿದ್ದಾನೆ. ನಾನು ಗಂಭೀರವಾಗಿ ತಲೆಯಾಡಿಸಿ ಈರುಳ್ಳಿ ತಿಂದುಬಿಡುತ್ತೇನೆ. ಅಲ್ಲಿಗೆ ಆಫ್‌ಸೈಡ್ ಮುಗಿಯುತ್ತದೆ. ಆದರೆ ಪೀಪಿ, ತಮಟೆ, ಡಬ್ಬಿ, ಶಿಳ್ಳೆ? ಇವುಗಳನ್ನು ಯಾರೂ ವಿವರಿಸಬೇಕಾಗಿಲ್ಲ. ಇವು ನೇರವಾಗಿ ಎದೆಗೇ ಬರುತ್ತವೆ.

ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಓದುತ್ತಿದ್ದ ಕಾಲದಲ್ಲಿ ನಾನು ಒಂದು ಮ್ಯಾಚನ್ನೂ ತಪ್ಪಿಸುತ್ತಿರಲಿಲ್ಲ, ಹಾಸ್ಟೆಲಿನ ತಗಡಿನ ಡಬ್ಬಿ ಬಾರಿಸಿ ಬಾರಿಸಿ ತಳ ಒಡೆದಿದ್ದೆ. ಹಾಗೆಂದು ನನ್ನ ನೆನಪು. ಆದರೆ ನನ್ನ ಹೆಂಡತಿ ಭಾಗಮ್ಮನ ಪ್ರಕಾರ, ಮದುವೆಯಾದ ಹೊಸದರಲ್ಲಿ ನಾನು ಅವಳಿಗೆ ಹೇಳಿದ್ದೇ ಬೇರೆ: ಓದುವ ಕಾಲದಲ್ಲಿ ಲೈಬ್ರರಿ ಬಿಟ್ಟು ಹೊರಗೆ ಕಾಲಿಟ್ಟವನೇ ಅಲ್ಲ ಎಂದು. ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ನನಗೂ ಗೊತ್ತಿಲ್ಲ!

ತತ್ವಶಾಸ್ತ್ರ ನನಗೆ ಕಲಿಸಿದ್ದು ಇಷ್ಟೇ: ಯಾವುದನ್ನೂ ನಂಬಬೇಡ. ದೇವರನ್ನು ಬಿಟ್ಟೆ, ಜ್ಯೋತಿಷ್ಯ ಬಿಟ್ಟೆ. ಈಚೆಗೆ ನನ್ನ ನೆನಪನ್ನೂ ಬಿಟ್ಟಿದ್ದೇನೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ನಾರಾಯಣಪೇಟೆಯ ಬಸ್ ನಿಲ್ದಾಣದಿಂದ ವಾಪಸು ಬಂದು ನೋಡುತ್ತೇನೆ. ನೋಡಿದೆನೋ ಇಲ್ಲವೋ ಎಂದು ಮತ್ತೆ ಬರುತ್ತೇನೆ. ಇಂಥ ಮನುಷ್ಯ ಜೀವನದಲ್ಲಿ ಒಂದೇ ಒಂದು ಸಲ ತನ್ನ ನೆನಪನ್ನು ಪೂರ್ತಿಯಾಗಿ ನಂಬಿದ. ಅದರ ಫಲ ಬೀರೇಶನ ಮೊಣಕಾಲು ಇವತ್ತಿಗೂ ಉಣ್ಣುತ್ತಿದೆ.

ಬೀರೇಶನಿಗೆ ಮಕ್ತಲಿನಲ್ಲಿ ಕುರಿ ಮೇಕೆಗಳ ಔಷಧದ ಅಂಗಡಿ. ಉಳಿದ ಹೊತ್ತಿನಲ್ಲಿ ಅವನು ಮಕ್ತಲ್ ತಂಡದ ಗೋಲ್‌ಕೀಪರ್. ತಂಡದಲ್ಲಿ ಎಲ್ಲರಿಗಿಂತ ಹಿರಿಯ. ಪೆನಾಲ್ಟಿ ತಡೆಯುವುದರಲ್ಲಿ ಅವನನ್ನು ಮೀರಿಸುವವರು ಈ ಕಡೆ ಇಲ್ಲ. ಅವನ ಎಡ ಮೊಣಕಾಲು ಮಾತ್ರ ಎದ್ದರೆ ಒಂದು ಸದ್ದು, ಕೂತರೆ ಇನ್ನೊಂದು ಸದ್ದು ಮಾಡುತ್ತದೆ. "ಆಟ ಬಿಡೋ" ಎಂದು ಅಕ್ಕ ಭಾಗಮ್ಮ ಗೋಗರೆಯುತ್ತಲೇ ಇದ್ದಳು. ಕೊನೆಗೆ ಒಂದು ಒಪ್ಪಂದವಾಯಿತು.

"ಅಕ್ಕಾ, ಗದ್ವಾಲ್ ಮ್ಯಾಲ ಒಂದ ಸಲ ಗೆಲ್ಲಾಕ ಬಿಡು. ಗೆದ್ದ ದಿನ ಬೂಟು ಗೂಟಕ್ಕ ನೇತಾಕ್ತೀನಿ."

"ಸೋತ್ರ?"

"ಸೋತ್ರ ಇನ್ನೊಂದ್ ವರ್ಸ."

ಮಕ್ತಲಿಗೂ ಗದ್ವಾಲಿಗೂ ವರ್ಷಕ್ಕೊಮ್ಮೆ ಪಂದ್ಯ. ಬೀರೇಶ ಒಮ್ಮೆಯೂ ಗೆದ್ದವನಲ್ಲ. ಕಳೆದ ವರ್ಷ ಸೋತಾಗ ಕಾರಣ ಕಂಡುಹಿಡಿದವನು ನಾನು. ನನ್ನನ್ನು ಯಾರೂ ಕೇಳಿರಲಿಲ್ಲ, ಆ ಮಾತು ಬೇರೆ. ಗದ್ವಾಲಿನವರ ಕೈಯಲ್ಲಿ ಉದ್ದುದ್ದ ಪ್ಲಾಸ್ಟಿಕ್ ಪೀಪಿಗಳಿದ್ದವು. ಮೈದಾನದ ಸುತ್ತ ಜೇನುಗೂಡು ಎದ್ದಂತೆ ಸದ್ದು. ನಮ್ಮವರ ಕಡೆಯಿಂದ ಎರಡು ಕೆಮ್ಮು! ಗದ್ದಲವಿಲ್ಲದ ತಂಡ ಗೆಲ್ಲುವುದು ಹೇಗೆ? ಆದ್ದರಿಂದ ಈ ವರ್ಷ ಮಕ್ತಲ್ ತಂಡದ ಗದ್ದಲ ವಿಭಾಗದ ಸಂಪೂರ್ಣ ಹೊಣೆಯನ್ನು ನಾನೇ ವಹಿಸಿಕೊಳ್ಳುವುದಾಗಿ ಊಟದ ಹೊತ್ತಿನಲ್ಲಿ ಘೋಷಿಸಿದೆ.

"ಪೀಪಿ ಊದಿದ್ರ ಗೋಲ್ ಆಗ್ತೈತೇನ್ರೀ?" ಎಂದಳು ಭಾಗಮ್ಮ.

"ಪೀಪಿ ಗೋಲ್ ಹೊಡ್ಯಂಗಿಲ್ಲ. ಎದುರಿನವ್ರ ಮನೋಬಲ ಹೊಡೀತೈತಿ."

"ನಿಮ್ಮದನ್ನ ಯಾರ್ ಹೊಡದಾರ?"

ಹೆಂಗಸರಿಗೆ ತಂತ್ರಗಾರಿಕೆ ತಿಳಿಯುವುದಿಲ್ಲವೆಂದು ನಾನು ಮಜ್ಜಿಗೆಯ ಕಡೆ ಗಮನ ಕೊಟ್ಟೆ.

ಮರುದಿನವೇ ನಾರಾಯಣಪೇಟೆಯ ಬಜಾರಿನಿಂದ ಒಂದು ಪೀಪಿ ತಂದೆ. ಮೊದಲು ನಾನು ಕಲಿತು, ಆಮೇಲೆ ತಂಡದ ಅಭಿಮಾನಿಗಳಿಗೆ ತರಬೇತಿ ಕೊಡುವುದು ನನ್ನ ಯೋಜನೆ. ಅಂಗಳದಲ್ಲಿ ಕಾಲು ಅಗಲಿಸಿ ನಿಂತು, ಎದೆಯ ತುಂಬ ಗಾಳಿ ತುಂಬಿಕೊಂಡು, ಊದಿದೆ. ಗಾಳಿ ಒಂದು ತುದಿಯಿಂದ ಹೋಗಿ ಇನ್ನೊಂದು ತುದಿಯಿಂದ ಹೊರಟುಹೋಯಿತು. ಸದ್ದಿಲ್ಲ. ಮತ್ತೆ ಊದಿದೆ. ಕಣ್ಣು ಹೊರಗೆ ಬಂತು, ಸದ್ದು ಬರಲಿಲ್ಲ. ಕೊನೆಗೆ ತುಟಿ ಬಿಗಿಹಿಡಿದು, ಹೊಟ್ಟೆ ಹಿಂಡಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದಾಗ ಒಂದು ದೀರ್ಘವಾದ, ದಯನೀಯವಾದ ನರಳಿಕೆ ಹೊರಬಿತ್ತು.

ಪಕ್ಕದ ಮನೆಯ ಯಾದಮ್ಮ ಗೋಡೆಯ ಮೇಲಿಂದ ಇಣುಕಿದಳು.

"ಭಾಗಮ್ಮಾ! ಎಮ್ಮಿ ಈಯಾಕತ್ತೈತೇನ? ಬಿಸಿನೀರ್ ಕಾಸ್ಲೇನು?"

"ನಮ್ಮನ್ಯಾಗ ಎಮ್ಮಿ ಎಲ್ಲೈತವ್ವ? ಅವ್ರ ನಮ್ಮ ಯಜಮಾನ್ರು."

"ಅಯ್ಯ, ಪಾಪ! ಯಾವಾಗ್ಲಿಂದ ಹಿಂಗ?"

ಅಡುಗೆಮನೆಯಿಂದ ಬಂದ ಭಾಗಮ್ಮ ಪೀಪಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. ಸೆರಗಿನಿಂದ ಒರೆಸಿದಳು. ಒಮ್ಮೆ ಊದಿದಳು. ಬೀದಿಯ ಕೊನೆಯಲ್ಲಿ ಹೋಗುತ್ತಿದ್ದ ಆಟೋ ಬ್ರೇಕ್ ಹಾಕಿ ನಿಂತಿತು!

"ಹಿಂಗೇನ್ರೀ?" ಎಂದು ನನ್ನ ಕೈಗೆ ವಾಪಸು ಕೊಟ್ಟು ಒಗ್ಗರಣೆಗೆ ಹೋದಳು.

ಆ ಕ್ಷಣದಲ್ಲಿ ನನಗೆ ಪೀಪಿಯ ಸಾಂಸ್ಕೃತಿಕ ಮಿತಿಗಳು ಥಟ್ಟನೆ ಹೊಳೆದವು. ಪ್ಲಾಸ್ಟಿಕ್! ಪರದೇಶದ್ದು! ಇದಕ್ಕೆ ನಮ್ಮ ನೆಲದ ಉತ್ತರ ಬೇರೆಯೇ ಇದೆ. ಡೊಳ್ಳು! ಬೀರಪ್ಪ ದೇವರ ಡೊಳ್ಳು! ನಮ್ಮ ಮನೆತನವೂ ಬೀರೇಶನ ಮನೆತನವೂ ಬೀರಪ್ಪನ ಒಕ್ಕಲು. ಮಕ್ತಲ್ ತಂಡದಲ್ಲಿ ಮುಕ್ಕಾಲು ಪಾಲು ಹುಡುಗರು ಅದೇ ಒಕ್ಕಲು. ಡೊಳ್ಳಿನ ಮುಂದೆ ಪೀಪಿ ಯಾವ ಲೆಕ್ಕ?

ಮಕ್ತಲಿಗೆ ಹೋಗಿ ಡೊಳ್ಳಿನ ಮೇಳದ ನಿಂಗಪ್ಪನನ್ನು ಕಂಡೆ. ನಿಂಗಪ್ಪ ದೊಡ್ಡ ಮೀಸೆಯ, ಅದಕ್ಕಿಂತ ದೊಡ್ಡ ಅಭಿಮಾನದ ಮನುಷ್ಯ. ಮ್ಯಾಚು ಎಂದಾಗ ಮುಖ ಸಿಂಡರಿಸಿದ. ಗದ್ವಾಲಿನಲ್ಲಿ ಎಂದ ಕೂಡಲೇ ಮೀಸೆ ನೆಟ್ಟಗಾಯಿತು.

"ಗದ್ವಾಲದಾಗ? ಬರ್ತೀನ್ರೀ! ಆ ಮಂದಿಗೆ ಡೊಳ್ಳು ಅಂದ್ರೇನಂತ ಒಂದ್ಸಲ ತೋರಸ್ಬೇಕಾಗೇತಿ."

"ಒಂದು ವಿಶೇಷ ಪೆಟ್ಟು ಬೇಕು ನಿಂಗಪ್ಪ. ಸಣ್ಣವ ಇದ್ದಾಗ ಕೇಳಿದ್ದೆ. ಅದನ್ನ ಬಾರಿಸಿದ ಕೂಡ್ಲೇ ಇಡೀ ಮಂದಿ ಮೈ ಜುಮ್ ಅಂತ ಎದ್ದು ನಿಂತಿತ್ತು."

ನೆನಪು ಸ್ಪಷ್ಟವಾಗಿತ್ತು. ನಾನು ಅಜ್ಜನ ಹೆಗಲ ಮೇಲಿದ್ದೆ. ಡೊಳ್ಳು ಮೊದಲು ನಿಧಾನ, ಆಮೇಲೆ ಗುಡುಗು. ಕೂತಿದ್ದ ಜನರೆಲ್ಲ ಒಮ್ಮೆಲೇ ಎದ್ದರು. ರುಮಾಲುಗಳ ಒಂದು ಸಮುದ್ರ! ಅದೇ ಗೆಲುವಿನ ಪೆಟ್ಟು. ಬೇರೆ ಏನಿರಲು ಸಾಧ್ಯ? ಆ ಪೆಟ್ಟನ್ನು ಬಾಯಲ್ಲೇ ನುಡಿಸಿ ತೋರಿಸಿದೆ. ನಿಂಗಪ್ಪ ಕಣ್ಣು ಕಿರಿದು ಮಾಡಿ ಕೇಳಿದ.

"ಇದು ದೇವ್ರು ಗದ್ದಿಗಿಂದ ಏಳೋ ಹೊತ್ತಿನ ಪೆಟ್ಟು ಅಲ್ರೀ ಸಾರ್?"

"ದೇವರು ಏಳಲಿ, ತಂಡ ಏಳಲಿ, ಲಯ ಲಯಾನ. ಕಿವಿಗೆ ದೇವರು ಗೊತ್ತಿಲ್ಲ, ನಾದ ಅಷ್ಟ ಗೊತ್ತು," ಎಂದು ನಾನು ಸೌಂದರ್ಯಶಾಸ್ತ್ರದ ಮೇಲೆ ಒಂದು ಚಿಕ್ಕ ಉಪನ್ಯಾಸ ಕೊಟ್ಟೆ. ಅದು ಚಿಕ್ಕದಾಗಿತ್ತೆಂದು ನನ್ನ ನೆನಪು. ಅಷ್ಟರಲ್ಲಿ ನಿಂಗಪ್ಪನ ಚಹಾ ತಣ್ಣಗಾಗಿತ್ತು.

"ಬಾರಸ್ತೀನ್ರೀ. ಆದ್ರ ಒಂದ್ ಮಾತು. ಆ ಪೆಟ್ಟು ಸುರು ಮಾಡಿದ್ರ ಮುಗಿಯೋತನ ಮುಗಸಬೇಕು. ನಡಬರಕ ನಿಲ್ಲಸಾಕ ಬರಂಗಿಲ್ಲ."

"ನಿಲ್ಲಿಸು ಅನ್ನೋ ಹುಚ್ಚ ಯಾರು?" ಎಂದು ನಾನು ನಕ್ಕೆ.

ಪಂದ್ಯದ ದಿನ ಬಸ್ಸಿನಲ್ಲಿ ಹೊರಟೆವು. ತಂಡ ಮುಂದೆ, ಡೊಳ್ಳುಗಳು ಹಿಂದೆ, ನಾನು ಡೊಳ್ಳುಗಳ ನಡುವೆ. ಕಂಡಕ್ಟರ್ ಬಂದು ಒಂದು ಡೊಳ್ಳನ್ನು ಬೆರಳಿನಿಂದ ತಟ್ಟಿ, "ಏಂ ಸಾರ್, ಈಯನಕಿ ಟಿಕೆಟ್ ಎವರು ತೀಸುಕುಂಟಾರು?" ಎಂದ. ಇವರ ಟಿಕೆಟ್ ಯಾರು ತೆಗೆಸುತ್ತಾರಂತೆ. ಡೊಳ್ಳನ್ನು 'ಈಯನ' ಎಂದು ಗೌರವದಿಂದ ಕರೆದನಲ್ಲ ಎಂದು ನಿಂಗಪ್ಪನಿಗೆ ಖುಷಿಯಾಯಿತು. ಟಿಕೆಟ್ ನಾನು ತೆಗೆಸಿದೆ. ಜೂರಾಲಾ ಅಣೆಕಟ್ಟು ದಾಟುವಾಗ ಬೀರೇಶ ಹಿಂದೆ ಬಂದು ನನ್ನ ಪಕ್ಕದಲ್ಲಿ ಕುಳಿತ. ಮೊಣಕಾಲು ತನ್ನ ಸದ್ದು ಮಾಡಿತು.

"ಭಾವ, ಇವತ್ತ ಗೆಲ್ಲತೀವಿ ಅಂತ ಯಾಕೋ ಅನಸ್ತೈತಿ. ಗ್ವಾಡಿಗೆ ಗೂಟ ಹೊಡದ ಬಂದೀನಿ."

"ಗೆಲುವು ನನಗೆ ಬಿಡೋ," ಎಂದೆ. ಇಷ್ಟು ಆತ್ಮವಿಶ್ವಾಸ ನನಗೆ ಎಂ.ಎ. ಪರೀಕ್ಷೆಯಲ್ಲೂ ಇರಲಿಲ್ಲ.

ಗದ್ವಾಲಿನ ಮೈದಾನ ತುಂಬಿತ್ತು. ಪೀಪಿಗಳು ಆಗಲೇ ಗುಂಯ್‌ಗುಡುತ್ತಿದ್ದವು. ನಮ್ಮ ಪಕ್ಕದಲ್ಲೇ ಗದ್ವಾಲಿನ ಪರಮ ಅಭಿಮಾನಿ ನರ್ಸಿಂಹುಲು ನಿಂತಿದ್ದ. ಸೀರೆ ವ್ಯಾಪಾರಿ. ತನ್ನ ಪೀಪಿಗೆ ಸೀರೆಯ ಜರಿಯ ಅಂಚು ಸುತ್ತಿಕೊಂಡು ಬಂದಿದ್ದ! ಡೊಳ್ಳು ನೋಡಿ ಕನ್ನಡದಲ್ಲೇ ಕಿಚಾಯಿಸಿದ.

"ಏನ್ ಸಾರ್, ಮದ್ವಿ ದಿಬ್ಬಣ ದಾರಿ ತಪ್ಪಿ ಬಂತೇನು?"

"ನಿಂಗಪ್ಪಾ," ಎಂದೆ ನಾನು, ಸೇನಾಪತಿಯಂತೆ. "ಉತ್ತರ ಕೊಡು."

ನಿಂಗಪ್ಪ ಉತ್ತರ ಕೊಟ್ಟ. ಆಹಾ! ಮೇಳದ ಡೊಳ್ಳುಗಳೆಲ್ಲ ಒಟ್ಟಿಗೆ ಎದ್ದಾಗ ನನ್ನ ಪಕ್ಕೆಲುಬುಗಳು ಒಂದೊಂದಾಗಿ ಹಾಜರಿ ಹೇಳಿದವು. ಪೀಪಿಗಳು ಸೊಳ್ಳೆಗಳಾದವು. ನರ್ಸಿಂಹುಲು ಕೆನ್ನೆ ಉಬ್ಬಿಸಿ ಊದುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಜೀವನದಲ್ಲಿ ನಾನು ಅಷ್ಟು ಸುಖ ಪಟ್ಟದ್ದು ಕಡಿಮೆ. ಚೆಂಡು ಎಲ್ಲಿತ್ತೋ ನೋಡಲೇ ಇಲ್ಲ. ಚೆಂಡು ನೋಡಲು ಬೇರೆ ಜನರಿದ್ದರು.

ಮೊದಲ ಅರ್ಧ ಮುಗಿಯುವ ಮುನ್ನ ರೆಫರಿ ನಮ್ಮ ಬಳಿ ಓಡಿ ಬಂದ. "ಸಾರ್, ನಾ ವಿಸಿಲ್ ನಾಕೇ ವಿನಪಡ್ತಲೇದು!" ಎಂದ. ತನ್ನ ಶಿಳ್ಳೆ ತನಗೇ ಕೇಳುತ್ತಿಲ್ಲವಂತೆ. ನಾನು ಅದನ್ನು ಪ್ರಶಂಸೆ ಎಂದು ಸ್ವೀಕರಿಸಿ ಕೈಕುಲುಕಿದೆ. ಅಲ್ಲಿಂದ ಮುಂದೆ ಆತ ಶಿಳ್ಳೆಯ ಜೊತೆಗೆ ಕೈಯನ್ನೂ ಬೀಸತೊಡಗಿದ.

ಎರಡನೆಯ ಅರ್ಧದಲ್ಲಿ ಪವಾಡವೇ ನಡೆಯಿತು. ಗದ್ವಾಲಿನ ಗೋಲ್‌ಕೀಪರ್ ನಿಂತಿದ್ದ ತುದಿಗೆ ಮೇಳವನ್ನು ಸಾಗಿಸಿದೆ. ಅವನ ಬೆನ್ನ ಹಿಂದೆಯೇ ಡೊಳ್ಳು! ಪಾಪ, ಎಷ್ಟು ತಾಳಿಯಾನು? ಒಂದು ಹಂತದಲ್ಲಿ ಎರಡೂ ಕೈಗಳಿಂದ ಎರಡೂ ಕಿವಿ ಮುಚ್ಚಿಕೊಂಡ. ಗೋಲ್‌ಕೀಪರನ ಕೈಗಳು ಕಿವಿಯ ಮೇಲಿರುವಾಗ ಚೆಂಡು ಎಲ್ಲಿಗೆ ಹೋಗುತ್ತದೆ? ಒಳಗೆ ಹೋಯಿತು. ಗೋಲ್!

ಮಕ್ತಲ್ ಮುಂದೆ! ನಾನು ನಿಂಗಪ್ಪನನ್ನು ತಬ್ಬಿಕೊಂಡೆ, ಅವನು ಡೊಳ್ಳನ್ನು ಬಿಡಲಿಲ್ಲವಾದ್ದರಿಂದ ಡೊಳ್ಳನ್ನೂ ತಬ್ಬಿಕೊಂಡೆ. ಈ ಗೋಲು ತಾಂತ್ರಿಕವಾಗಿ ನನ್ನದೇ ಎಂದು ನರ್ಸಿಂಹುಲುವಿಗೆ ವಿವರಿಸಲು ವಾಪಸು ಬೀರೇಶನ ತುದಿಗೆ ಬಂದೆ. ಮೇಳವೂ ಬಂತು.

ಆಟ ಮುಗಿಯಲು ಇನ್ನೇನು ಸ್ವಲ್ಪವೇ ಹೊತ್ತು ಇರುವಾಗ ನಮ್ಮ ಹುಡುಗನೊಬ್ಬ ಗೋಲಿನ ಹತ್ತಿರ ಗದ್ವಾಲಿನವನ ಕಾಲಿಗೆ ಕಾಲು ಕೊಟ್ಟ. ಪೆನಾಲ್ಟಿ.

ಮೈದಾನ ಸ್ತಬ್ಧವಾಯಿತು. ಪೀಪಿಗಳೂ ಬಾಯಿ ಮುಚ್ಚಿದವು. ಬೀರೇಶ ಗೆರೆಯ ಮೇಲೆ ನಿಂತು, ಕೈಗವಸು ತಟ್ಟಿಕೊಂಡು, ತನ್ನ ಕೆಟ್ಟ ಮೊಣಕಾಲನ್ನು ಒಮ್ಮೆ ಸವರಿಕೊಂಡ. ಅವನ ಮುಖ ನೋಡಿದರೆ ಸಾಕು, ತಡೆಯುತ್ತಾನೆ ಎಂದು ಯಾರಾದರೂ ಹೇಳುತ್ತಿದ್ದರು. ಇದನ್ನು ತಡೆದರೆ ಗೆಲುವು. ಗೂಟ. ಅಕ್ಕನಿಗೆ ಕೊಟ್ಟ ಮಾತು. ಎಲ್ಲವೂ ಸರಿಯಾಗಿತ್ತು, ಒಂದನ್ನು ಬಿಟ್ಟು. ಗದ್ದಲವಿರಲಿಲ್ಲ! ಗದ್ದಲ ವಿಭಾಗದ ಮುಖ್ಯಸ್ಥ ಜೀವಂತ ಇರುವಾಗ ಇಂಥ ನಿರ್ಣಾಯಕ ಘಳಿಗೆಯಲ್ಲಿ ಮೌನವೇ?

"ನಿಂಗಪ್ಪಾ, ಆ ಪೆಟ್ಟು!"

"ಈಗೇನ್ರೀ?"

"ಈಗಲ್ದ ಮತ್ತ ಯಾವಾಗ?"

ನಿಂಗಪ್ಪ ಡೊಳ್ಳನ್ನು ಹಣೆಗೆ ಮುಟ್ಟಿಸಿಕೊಂಡು ಶುರು ಮಾಡಿದ. ಮೊದಲು ನಿಧಾನ. ಆಮೇಲೆ ಗುಡುಗು. ಥೇಟ್ ನನ್ನ ನೆನಪಿನಂತೆಯೇ! ನನ್ನ ಮೈ ಜುಮ್ಮೆಂದಿತು. ನಾನು ಬೀರೇಶನನ್ನು ನೋಡಿದೆ. ಬೀರೇಶ ತಲೆಯೆತ್ತಿ ಡೊಳ್ಳಿನ ಕಡೆ ನೋಡಿದ. ಆಮೇಲೆ ಬಗ್ಗಿದ.

ಹೊಸ ತಂತ್ರ ಎಂದುಕೊಂಡೆ. ಕೆಳಗಿನ ಚೆಂಡಿಗೆ ತಯಾರಿ! ಆದರೆ ಅವನ ಕೈ ಬೂಟಿನ ಲೇಸಿಗೆ ಹೋಯಿತು. ಒಂದು ಬೂಟು ಬಿಚ್ಚಿ ಪಕ್ಕಕ್ಕಿಟ್ಟ. ಇನ್ನೊಂದು ಬಿಚ್ಚಿದ. ಕೈಗವಸು ತೆಗೆದು ಬೂಟಿನ ಮೇಲಿಟ್ಟ. ನೆಟ್ಟಗೆ ನಿಂತು, ಕಣ್ಣು ಮುಚ್ಚಿ, ಕೈಮುಗಿದ. ಸುತ್ತ ನೋಡುತ್ತೇನೆ, ನಮ್ಮ ತಂಡದ ಮುಕ್ಕಾಲು ಪಾಲು ನೆಲಕ್ಕೆ ಬಗ್ಗಿ ಲೇಸು ಬಿಚ್ಚುತ್ತಿದೆ!

"ಏನಾಯ್ತು ಸಾರ್?" ನರ್ಸಿಂಹುಲು ಕಾಳಜಿಯಿಂದ ಕೇಳಿದ. "ಎಲ್ಲಾರೂ ಸ್ನಾನಕ್ಕ ಹೊಂಟಾರೇನು?"

ಪೆನಾಲ್ಟಿ ಹೊಡೆಯಬೇಕಾದ ಹುಡುಗ ಗಲಿಬಿಲಿಗೊಂಡ. ಗೋಲ್‌ಕೀಪರ್ ಕೈಮುಗಿದು ನಿಂತದ್ದನ್ನು ಅವನು ಜೀವನದಲ್ಲಿ ನೋಡಿರಲಿಲ್ಲ. ಜೀವದಾನ ಬೇಡುತ್ತಿದ್ದಾನೆಂದು ಭಾವಿಸಿರಬೇಕು, ಹಿಂದೆ ಸರಿದ. ರೆಫರಿ ಶಿಳ್ಳೆ ಊದಿದ, ಕೈಯನ್ನೂ ಬೀಸಿದ. ಹುಡುಗ ಸಂಕೋಚದಿಂದ, ದೊಡ್ಡವರ ಪಕ್ಕದಲ್ಲಿ ನುಸುಳಿಹೋಗುವವನಂತೆ, ಚೆಂಡನ್ನು ಮೆಲ್ಲಗೆ ತಳ್ಳಿದ. ಅದು ಬೀರೇಶನ ಕಾಲುಚೀಲದ ಪಕ್ಕದಲ್ಲೇ ಉರುಳಿಕೊಂಡು ಒಳಗೆ ಹೋಯಿತು. ಯಾವ ಗಡಿಬಿಡಿಯೂ ಇಲ್ಲದೆ.

"ನಿಲ್ಲಿಸೋ ನಿಂಗಪ್ಪಾ!" ನಾನು ಕಿರುಚಿದೆ. ನಿಲ್ಲಿಸು ಅನ್ನುವ ಹುಚ್ಚ ಯಾರೆಂದು ಆಗ ತಿಳಿಯಿತು.

"ನಡಬರಕ ಬರಂಗಿಲ್ರೀ!"

ಮತ್ತೆ ಆಟ ಶುರುವಾಯಿತು. ನಮ್ಮ ಕಡೆಯಿಂದ ಚೆಂಡು ಮುಟ್ಟಿದವನು ಬೀರಪ್ಪನ ಒಕ್ಕಲಲ್ಲದ, ಬೂಟು ಉಳಿದಿದ್ದ ಒಬ್ಬ ಹುಡುಗ. ಬಲಕ್ಕೆ ನೋಡಿದ, ಕೈಮುಗಿದವರು. ಎಡಕ್ಕೆ ನೋಡಿದ, ಕೈಮುಗಿದವರು. ಯಾರಿಗೆ ಕೊಟ್ಟಾನು? ಗದ್ವಾಲಿನವರು ಅವನ ಕಾಲಿನಿಂದ ಚೆಂಡು ತೆಗೆದುಕೊಂಡು, ಧ್ಯಾನಸ್ಥರ ನಡುವೆ ಯಾರಿಗೂ ತೊಂದರೆಯಾಗದಂತೆ ದಾರಿ ಮಾಡಿಕೊಂಡು, ಗೋಲಿನೊಳಗೆ ನಡೆದುಕೊಂಡೇ ಹೋದರು. ಡೊಳ್ಳು ಕೊನೆಯ ಪೆಟ್ಟು ಮುಗಿಸಿತು. ರೆಫರಿಯ ಕೊನೆಯ ಶಿಳ್ಳೆ ಅವತ್ತು ಮೊದಲ ಬಾರಿಗೆ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ನಿಂಗಪ್ಪ ಬೆವರು ಒರೆಸಿಕೊಂಡು ಮೀಸೆ ತಿರುವಿದ. "ಹೆಂಗ್ ಬಂತ್ರೀ?"

ಬೀರೇಶ ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ನಡೆದು ಬಂದ. ಕುಂಟುತ್ತಿದ್ದ. ನಾನು ವಾದಗಳನ್ನು ಸಿದ್ಧ ಮಾಡಿಕೊಂಡೆ: ಇಪ್ಪತ್ತೊಂದನೆಯ ಶತಮಾನ, ವೈಚಾರಿಕತೆ, ಕ್ರೀಡಾ ಮನೋಭಾವ. ದೇವರ ಪೆಟ್ಟು ಕೇಳಿದರೆ ಬೂಟು ಬಿಚ್ಚುತ್ತಾರೆಂದು ನನಗೆ ಒಬ್ಬರಾದರೂ ಹೇಳಬಾರದಿತ್ತೇ? ಇದು ನನ್ನ ತಪ್ಪೇ?

ಅವನು ನನ್ನ ಮುಖ ನೋಡಲಿಲ್ಲ. ಕಾಲು ನೋಡಿದ.

"ಭಾವ, ನಿಮ್ಮ ಚಪ್ಪಲಿ?"

ಕೆಳಗೆ ನೋಡಿದೆ. ಬರಿಗಾಲು! ಎರಡೂ ಕೈ ಎದೆಯ ಹತ್ತಿರ ಜೋಡಿಸಿದಂತೆಯೇ ಇದ್ದವು. ಯಾವಾಗ ಬಿಟ್ಟೆ? ಯಾವಾಗ ಮುಗಿದೆ? ನೆನಪಿಲ್ಲ. ಆಣೆ ಮಾಡಿ ಹೇಳುತ್ತೇನೆ, ನೆನಪಿಲ್ಲ. ಸುಡುವ ಮಣ್ಣಿನ ಮೇಲೆ ನಿಂತಾಗ ಮಾತ್ರ ಇನ್ನೊಂದು ಹೊಳೆಯಿತು. ಅವತ್ತು ನಾನು ಅಜ್ಜನ ಹೆಗಲ ಮೇಲಿದ್ದೆ. ಹೆಗಲ ಮೇಲಿಂದ ರುಮಾಲುಗಳು ಕಾಣುತ್ತವೆ. ಪಾದಗಳು ಕಾಣುವುದಿಲ್ಲ.

"ದೇವ್ರ ಇಲ್ಲ ಅಂತಿದ್ರಿ?" ಎಂದ ಬೀರೇಶ.

"ಇಲ್ಲ."

"ಮತ್ತ ಚಪ್ಪಲಿ?"

ಹಿಂದೆ ತಿರುಗಿ ಹುಡುಕಿದೆ. ಗೆದ್ದ ಗದ್ವಾಲಿನ ಜನ ಕುಣಿದು ಹೋದ ಜಾಗದಲ್ಲಿ ಧೂಳು ಮಾತ್ರ ಇತ್ತು.

"ಅವೂ ಇಲ್ಲ."

ಬೀರೇಶ ನಗಬಾರದೆಂದು ತುಂಬ ಪ್ರಯತ್ನಪಟ್ಟ. ಬೈಯಲು ಬಂದಿದ್ದ, ಆದರೆ ತಾನೇ ಬಿಚ್ಚಿದವನು ಬಿಚ್ಚಿದ ಇನ್ನೊಬ್ಬನನ್ನು ಹೇಗೆ ಬೈಯುವುದು? ನಕ್ಕುಬಿಟ್ಟ. ಆಮೇಲೆ ಮೊಣಕಾಲು ಹಿಡಿದುಕೊಂಡು ಮಣ್ಣಿನ ಮೇಲೆ ಕೂತ. ಬೂಟುಗಳ ಮಣ್ಣು ಕೊಡವಿ ಮಡಿಲಲ್ಲಿಟ್ಟುಕೊಂಡ. ಅದನ್ನು ನೋಡುವುದು ನಗು ಕೇಳುವುದಕ್ಕಿಂತ ಕಷ್ಟವಾಯಿತು.

"ಇನ್ನೊಂದ್ ವರ್ಸ, ಭಾವ," ಎಂದ ಕೊನೆಗೆ. "ಆದ್ರ ನೀವು ಮನ್ಯಾಗ ಇರ್ರಿ."

ನರ್ಸಿಂಹುಲು ಬಸ್ಸಿನವರೆಗೂ ಬಂದು ಬೀಳ್ಕೊಟ್ಟ. "ಬರೋ ವರ್ಸ ಮೇಳ ತಪ್ಪದ ಕರ್ಕೊಂಡ್ ಬರ್ರಿ ಸಾರ್," ಎಂದು ಬಹಳ ಪ್ರೀತಿಯಿಂದ ಕೈ ಹಿಡಿದು ಕೇಳಿಕೊಂಡ.

ನಾರಾಯಣಪೇಟೆಯಲ್ಲಿ ಬಾಗಿಲು ತೆಗೆದ ಭಾಗಮ್ಮ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕಾಲು ನೋಡಿದಳು. ಸುದ್ದಿ ಫೋನಿನಲ್ಲಿ ನನಗಿಂತ ಮೊದಲೇ ಬಂದು ಕೂತಿತ್ತು.

"ಅವನ ಮೊಣಕಾಲಿಗೆ ಇನ್ನೊಂದ್ ವರ್ಸ ಎಣ್ಣಿ ಯಾರ್ ತಿಕ್ಕಬೇಕು?"

ತತ್ವಶಾಸ್ತ್ರ ಬಾಯಿ ತೆರೆಯುವ ಮುನ್ನವೇ ಅವಳು ಎಣ್ಣೆಯ ಸೀಸೆಯನ್ನು ನನ್ನ ಕೈಗಿಟ್ಟಳು. ಈಗ ಪ್ರತಿ ಭಾನುವಾರ ನಾನು ಆ ಸೀಸೆ ಹಿಡಿದು ಮಕ್ತಲಿಗೆ ಹೋಗುತ್ತೇನೆ. ಖಾಲಿ ಗೂಟದ ಕೆಳಗೆ ಕೂತು ಬೀರೇಶನ ಮೊಣಕಾಲು ತಿಕ್ಕುತ್ತೇನೆ. ಅದು ಕಟಕ್ ಎನ್ನುತ್ತದೆ. ಅವನು ಆಫ್‌ಸೈಡ್ ವಿವರಿಸುತ್ತಾನೆ.

ಬಸ್ಸಿನ ಹೊತ್ತು ನಾನು ಮರೆಯುತ್ತೇನೆಂದು ಭಾಗಮ್ಮ ಆ ಪೀಪಿಯನ್ನು ಬಾಗಿಲ ಮೊಳೆಗೆ ತೂಗುಹಾಕಿದ್ದಾಳೆ. ಭಾನುವಾರ ಬೆಳಿಗ್ಗೆ ತೆಗೆದು ಒಂದೇ ಒಂದು ಸಲ ಊದುತ್ತಾಳೆ. ಯಾದಮ್ಮ ಗೋಡೆಯಾಚೆಯಿಂದ "ಸಾರ್ ಹೊಂಟ್ರು" ಎನ್ನುತ್ತಾಳೆ. ಓದುತ್ತಿದ್ದ ಪುಸ್ತಕ ಕೆಳಗಿಟ್ಟು ನಾನು ಥಟ್ಟನೆ ಎದ್ದು ನಿಲ್ಲುತ್ತೇನೆ. ಆಮೇಲೆ ಮೆಲ್ಲಗೆ ಕೆಳಗೆ ನೋಡಿಕೊಳ್ಳುತ್ತೇನೆ.

ಕಾಲಿನಲ್ಲಿದ್ದ ಹೊಸ ಚಪ್ಪಲಿ ಈಗ ಕಾಲಿನ ಪಕ್ಕದಲ್ಲಿರುತ್ತದೆ!